ನಲವತ್ತು ಸಾವಿರದ ಕಾಗದಕ್ಕೆ ಅಮ್ಮ ಸಹಿ ಹಾಕಬೇಕಾ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ (ಆಳುಗಳಿಗೆ ತೋಟದವರು ಕೊಡುವ ಸಾಲು ಮನೆ) ಅಮ್ಮನ ವಾಸ. ಮಗ ನಾನು ಓದಿ ಹೊರಗಿದ್ದೇನೆ. ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ 2004ರ ಜೂನ್‌ನಲ್ಲಿ ಬಂದವರು. ಅಪ್ಪ ಇದೇ ತೋಟದ ಕೆಲಸದಲ್ಲಿದ್ದಾಗಲೇ 2015ರಲ್ಲಿ ತೀರಿಕೊಂಡರು. ಅಮ್ಮನಿಗೆ ಈಗ 54. ತೋಟ 60 ಎಕರೆ. ಖಾಯಂ ಆಳುಗಳು 14, ಕುಯ್ಲಿನಲ್ಲಿ 40 ದಾಟುತ್ತಾರೆ. ಅಮ್ಮನ ಹಾಜರಿ ದಿನಕ್ಕೆ 480 ರೂಪಾಯಿ. ಹೋದ ವಾರ ರೈಟರ್ (ತೋಟದ ಲೆಕ್ಕ ಬರೆಯುವವರು) ಒಂದು ಕಾಗದ ತಂದಿದ್ದರು. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಬರಬೇಕಾದ್ದೆಲ್ಲ ಬಂದಿದೆ’ ಅಂತ ಅದರಲ್ಲಿದೆ. ಸಹಿ ಹಾಕಿದರೆ 40,000 ರೂಪಾಯಿ ಕೊಡ್ತಾರಂತೆ. ಆಮೇಲೆ ಅಸ್ಸಾಂನವರನ್ನು ಕರೆತರುವ ಮೇಸ್ತ್ರಿಯ ಕೈಕೆಳಗೆ ಕೆಜಿಗೆ 6 ರೂಪಾಯಿ ಲೆಕ್ಕದಲ್ಲಿ ಕುಯ್ಯಬಹುದಂತೆ. ಮನೆ ಮಳೆಗಾಲದೊಳಗೆ ಖಾಲಿ ಮಾಡಬೇಕಂತೆ. ಕೇಳಿದರೆ, ‘ಹೊಸ ಕಾನೂನು ಬಂದಿದೆ, ಹಳೇ ಸರ್ವಿಸ್ ಎಲ್ಲ ಲೆಕ್ಕಕ್ಕಿಲ್ಲ, ನಿಮಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಕೊಡ್ತಿದೆಯಲ್ಲ’ ಅಂತಾರೆ. ಕಾಫಿ ರೇಟು ಇಷ್ಟು ಏರಿರುವಾಗ ನಮ್ಮನ್ನೇ ಯಾಕೆ ಬಿಡಿಸ್ತಾರೆ? ಅಮ್ಮ ಇನ್ನೂ ಸಹಿ ಹಾಕಿಲ್ಲ. ಏನು ಮಾಡೋದು?

ಉತ್ತರ: ಸಹಿ ಹಾಕಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಇದನ್ನು ಓದಿ ಮುಗಿಸುವ ತನಕ ಹಾಕುವುದು ಬೇಡ. ‘ಫೋಟೋ ತೆಗೆದುಕೊಂಡು ಮಗನಿಗೆ ಕಳಿಸ್ತೀನಿ, ಅವನು ಓದಿ ಹೇಳ್ತಾನೆ’ ಅಂತ ಅಮ್ಮ ರೈಟರಿಗೆ ಹೇಳಲಿ. ಅಷ್ಟು ಹೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ನಾನು ಕಾರ್ಮಿಕ ನಿರೀಕ್ಷಕನಾಗಿ ಮೂವತ್ತು ವರ್ಷ ಕೆಲಸ ಮಾಡಿದವನು. ಅದರಲ್ಲಿ ಹೆಚ್ಚಿನದು ಕೊಡಗಿನಲ್ಲೇ. ಇಂಥ ಕಾಗದಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕೆಲವನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿರುತ್ತಾರೆ, ಕೆಲವನ್ನು ಚೆಕ್‌ರೋಲ್ ಪುಸ್ತಕದ, ಅಂದರೆ ಆಳುಗಳ ಹಾಜರಿ ಪುಸ್ತಕದ, ಹಾಳೆ ಹರಿದು ಬರೆದಿರುತ್ತಾರೆ. ಆದರೆ ಎಲ್ಲದರಲ್ಲೂ ಇರುವ ಮಾತು ಒಂದೇ, ‘ಸ್ವಂತ ಇಚ್ಛೆಯಿಂದ’. ನಿಮ್ಮ ತೋಟದವರು 40,000 ಕೊಡುತ್ತಿರುವುದು ಅಮ್ಮನ ಇಪ್ಪತ್ತೆರಡು ವರ್ಷದ ದುಡಿಮೆಗಲ್ಲ, ಆ ಎರಡು ಪದಕ್ಕೆ.

ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಗ್ರಾಚ್ಯುಟಿ ಅಂದರೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಕೂಲಿ. ಕನಿಷ್ಠ ಐದು ವರ್ಷ ಕೆಲಸ ಮಾಡಿರಬೇಕು. ಕೆಲಸಗಾರರು ತಾವಾಗಿ ಬಿಟ್ಟರೂ ಬರುತ್ತದೆ, ತೆಗೆದರೂ ಬರುತ್ತದೆ. ದಿನಗೂಲಿಯವರಿಗೆ ಕಟ್ಟಕಡೆಯ ಹಾಜರಿಯ ದರದಲ್ಲೇ ಎಲ್ಲ ವರ್ಷಕ್ಕೂ ಲೆಕ್ಕ. ಅಮ್ಮನದು 480ರ ಹದಿನೈದು ಪಟ್ಟು, ಅಂದರೆ ವರ್ಷಕ್ಕೆ 7,200. 2004ರ ಜೂನ್‌ನಿಂದ 2026ರ ಜನವರಿಗೆ 21 ವರ್ಷ 7 ತಿಂಗಳು. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷ ಅಂತಲೇ ಹಿಡಿಯಬೇಕು. ಹಾಗಾಗಿ 22 ವರ್ಷ. ಒಟ್ಟು 1,58,400 ರೂಪಾಯಿ. ಇದು ಅಮ್ಮ ರಾಜೀನಾಮೆ ಕೊಟ್ಟರೂ ಬರಬೇಕಾದ ಹಣ. ‘ಬರಬೇಕಾದ್ದೆಲ್ಲ ಬಂದಿದೆ’ ಎಂಬ ಸಾಲು ಇದನ್ನು ನುಂಗುವುದಕ್ಕೆ.

ಇನ್ನು ‘ಸ್ವಂತ ಇಚ್ಛೆ’. ಕೆಲಸಗಾರರು ಬಿಡದೆ, ಮಾಲೀಕರೇ ಬೇಡ ಅಂತ ತೆಗೆದರೆ ಗ್ರಾಚ್ಯುಟಿಯ ಮೇಲೆ ಇನ್ನೊಂದು ಪರಿಹಾರ ಇದೆ. ಅದೂ ವರ್ಷಕ್ಕೆ ಹದಿನೈದು ದಿನದ ಕೂಲಿಯೇ. ಅಲ್ಲಿಗೆ ಮತ್ತೊಂದು 1,58,400. ಜೊತೆಗೆ ಒಂದು ತಿಂಗಳ ಮುಂಚಿತ ನೋಟಿಸ್, ಅದು ಕೊಡದಿದ್ದರೆ ಒಂದು ತಿಂಗಳ ಕೂಲಿ, 26 ದಿನದ ಲೆಕ್ಕದಲ್ಲಿ 12,480. ಹೊಸ ಕಾನೂನಿನಲ್ಲಿ ಇದರ ಮೇಲೆ ಇನ್ನೂ ಹದಿನೈದು ದಿನದ ಕೂಲಿಯನ್ನು ಮಾಲೀಕರು ಮರುಕೌಶಲ ನಿಧಿಗೆ (ಕೆಲಸ ಹೋದವರು ಬೇರೆ ಕೆಲಸ ಕಲಿಯಲಿ ಅಂತ ಇರುವ ನಿಧಿ) ಕಟ್ಟಬೇಕು. ಆ ಹಣ ಕೆಲಸ ಹೋದ 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ಅದು 7,200. ಎಲ್ಲ ಕೂಡಿಸಿ, 3,36,480 ರೂಪಾಯಿ.

ಮೂರು ಲಕ್ಷ ಮೂವತ್ತಾರು ಸಾವಿರದ ಜಾಗದಲ್ಲಿ ನಲವತ್ತು ಸಾವಿರ! ರೈಟರ್ ಕಾಗದವನ್ನು ಅಷ್ಟು ಪ್ರೀತಿಯಿಂದ ಮನೆಗೇ ತಂದುಕೊಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಡುವೆ ಒಂದೆರಡು ವರ್ಷ ಅಮ್ಮ ಊರಿಗೆ ಹೋಗಿದ್ದರೆ, ಹೆರಿಗೆಗೋ ಕಾಯಿಲೆಗೋ ಅಲ್ಲದೆ ಸುಮ್ನೆ ಬೇರೆ ತೋಟಕ್ಕೆ ಹೋಗಿದ್ದರೆ, ಆ ಲೆಕ್ಕ ಕಡಿಮೆಯಾಗಬಹುದು. ಸೇವೆ ನಡುವೆ ತುಂಡಾಗಿದೆ ಅಂತ ಮಾಲೀಕರು ವಾದ ಮಾಡಿದರೆ, ವರ್ಷಕ್ಕೆ 240 ದಿನ ಹಾಜರಿ ಇದೆಯಾ ಅಂತ ನೋಡುತ್ತಾರೆ. ವರ್ಷವಿಡೀ ಕಾಡು (ತೋಟದ ಕಳೆ) ಕಡಿದು, ಚಿಗುರು ತೆಗೆದು, ಗೊಬ್ಬರ ಹಾಕಿ, ಕಾಫಿ ಕುಯ್ದವರಿಗೆ 240 ದಿನ ದಾಟುವುದು ಕಷ್ಟವಲ್ಲ. ಆದರೆ ಅದು ಪುಸ್ತಕದಲ್ಲಿ ಇರಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ‘ಖಾಯಂ 14’ ಅಂತ ಓದಿದಾಗ ನನಗೆ ನಗು ಬಂತು. ನನ್ನ ಕಾಲದಲ್ಲಿ ಎಷ್ಟು ತೋಟಗಳಲ್ಲಿ ಈ ಹದಿನಾಲ್ಕನ್ನು ನೋಡಿದ್ದೇನೆ! 1951ರ ಪ್ಲಾಂಟೇಶನ್ ಕಾರ್ಮಿಕರ ಕಾನೂನು 5 ಹೆಕ್ಟೇರ್ ಮತ್ತು 15 ಜನಕ್ಕೆ ಶುರುವಾಗುತ್ತಿತ್ತು. ಹದಿನೈದನೆಯವರನ್ನು ಪುಸ್ತಕಕ್ಕೆ ಹತ್ತಿಸದಿದ್ದರೆ ಬಚಾವ್ ಅಂತ ಲೆಕ್ಕ. ಆದರೆ ಕಾನೂನಿನಲ್ಲಿ ಇದ್ದದ್ದು ‘ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ’ 15 ಜನ ಇದ್ದರೆ ಅಂತ. ಕುಯ್ಲಿನ ಒಂದು ಬೆಳಿಗ್ಗೆ ಸಾಕು. ನಿಮ್ಮ 60 ಎಕರೆ ಅಂದರೆ 24 ಹೆಕ್ಟೇರ್ ಹತ್ತಿರ. ಹಳೇ ಕಾನೂನಿಗೂ ಬರುತ್ತಿತ್ತು, ಈಗಿನದಕ್ಕೂ ಬರುತ್ತದೆ.

ಈಗ ‘ಹೊಸ ಕಾನೂನು’. ರೈಟರ್ ಪೂರ್ತಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಕೇಂದ್ರ ಸರ್ಕಾರ 29 ಹಳೇ ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿದೆ. ಒಂದು 2019ರದು, ಮೂರು 2020ರವು. ನಾಲ್ಕೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1951ರ ಪ್ಲಾಂಟೇಶನ್ ಕಾನೂನು, 1972ರ ಗ್ರಾಚ್ಯುಟಿ ಕಾನೂನು ಎರಡೂ ಹೆಸರಿನಲ್ಲಿ ಹೋದವು. ಆದರೆ ಒಳಗಿನ ಸರಕು ಹೋಗಿಲ್ಲ. ಗ್ರಾಚ್ಯುಟಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಇದೆ. ತೋಟದ ಕೆಲಸಗಾರರ ಮನೆ, ನೀರು, ಕಕ್ಕಸು, ಆಸ್ಪತ್ರೆ, ಶಿಶುವಿಹಾರದ ವಿಷಯ ಸುರಕ್ಷತೆ ಮತ್ತು ಕೆಲಸದ ಪರಿಸ್ಥಿತಿಯ ಸಂಹಿತೆಯೊಳಗೆ ಇದೆ. ಬದಲಾವಣೆಯ ಈ ಸಮಯದಲ್ಲಿ, ಹೊಸದಕ್ಕೆ ವಿರುದ್ಧವಾಗಿರದ ಹಳೇ ನಿಯಮಗಳು ನಡೆಯುತ್ತಲೇ ಇರುತ್ತವೆ. ಕಾನೂನಿನ ಹೆಸರು ಬದಲಾದ ಮಾತ್ರಕ್ಕೆ 2004ರಿಂದ ಅಮ್ಮ ಸವೆಸಿದ ವರ್ಷಗಳು ಅಳಿಸಿಹೋಗುವುದಿಲ್ಲ.

‘ಈಗ ಒಂದೇ ವರ್ಷಕ್ಕೆ ಗ್ರಾಚ್ಯುಟಿ’ ಎಂಬ ಮಾತೂ ಲೈನ್ ಮನೆಗಳಲ್ಲಿ ಓಡಾಡುತ್ತಿದೆ. ಅದು ಇಂತಿಷ್ಟೇ ಅವಧಿಗೆ ಅಂತ ಬರವಣಿಗೆಯಲ್ಲಿ ಕೆಲಸಕ್ಕೆ ತೆಗೆದುಕೊಂಡವರಿಗೆ ಮಾತ್ರ. ಉಳಿದವರಿಗೆ ಐದೇ ವರ್ಷ. ಅಮ್ಮನಿಗೆ ಎರಡೂ ಸಮಸ್ಯೆಯಲ್ಲ.

ಹೊಸ ಸಂಹಿತೆಗಳಲ್ಲಿ ಕೆಲಸಗಾರರಿಗೆ ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲು 100 ಜನ ಇರುವ ದೊಡ್ಡ ಎಸ್ಟೇಟು ಆಳುಗಳನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಸಂಖ್ಯೆ 300ಕ್ಕೆ ಏರಿದೆ. ಕೊಡಗಿನಲ್ಲಿ 300 ಖಾಯಂ ಆಳು ಇರುವ ತೋಟ ಎಷ್ಟಿವೆ, ನೀವೇ ಹೇಳಿ. ಇನ್ನೊಂದು ಕಡೆ ಲಾಭವೂ ಇದೆ. ಕನಿಷ್ಠ ವೇತನ ಮೊದಲು ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ ಇತ್ತು, ಈಗ ಎಲ್ಲ ಕೆಲಸಕ್ಕೂ. ಕೆಲಸ ಬಿಟ್ಟ ಅಥವಾ ತೆಗೆದ ಎರಡು ಕೆಲಸದ ದಿನದೊಳಗೆ ಬಾಕಿ ಕೂಲಿ ಕೈಗೆ ಬರಬೇಕು. ಗ್ರಾಚ್ಯುಟಿಗೆ ಮೂವತ್ತು ದಿನ.

ಕೆಜಿ ಲೆಕ್ಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮೇಲ್ನೋಟಕ್ಕೆ ಅದು ಚೆನ್ನಾಗಿ ಕಾಣುತ್ತದೆ. ಕೆಜಿಗೆ 6 ರೂಪಾಯಿ. ಗಿಡ ತುಂಬ ಹಣ್ಣಿರುವಾಗ ಗಟ್ಟಿ ಕೈಯವರು 150 ಕೆಜಿ ಕುಯ್ಯುತ್ತಾರೆ, 900 ಬರುತ್ತದೆ. ರೈಟರ್ ಅಮ್ಮನಿಗೆ ತೋರಿಸುವುದು ಈ 900ನ್ನು. ಐವತ್ತನಾಲ್ಕರಲ್ಲಿ, ಏಣಿ ಹತ್ತಿ ಇಳಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಅಮ್ಮ ಎಷ್ಟು ಕುಯ್ಯುತ್ತಾರೆ? 80 ಕೆಜಿ ಅಂತಿಟ್ಟುಕೊಳ್ಳಿ. 480. ಈಗಿನ ಹಾಜರಿಯೇ ಆಯಿತು. ಕುಯ್ಲು ಮುಗಿಯುತ್ತಾ ಬಂದು, ಗಿಡಕ್ಕೆ ನಾಲ್ಕು ಹಣ್ಣು ಉಳಿದಿರುವಾಗ 40 ಕೆಜಿ ಆದರೆ ದೊಡ್ಡದು. 240. ಆಮೇಲೆ ಮಳೆಗಾಲದಲ್ಲಿ? ಮೇಸ್ತ್ರಿ ತನ್ನ ಗ್ಯಾಂಗನ್ನು ಕಟ್ಟಿಕೊಂಡು ಬೇರೆ ಕಡೆ ಹೋಗಿರುತ್ತಾನೆ. ಅಮ್ಮನಿಗೆ ಹಾಜರಿಯೂ ಇಲ್ಲ, ಕೆಜಿಯೂ ಇಲ್ಲ.

ಕೆಜಿ ಲೆಕ್ಕವಾದರೂ ದಿನದ ಕೊನೆಗೆ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡುವ ಹಾಗಿಲ್ಲ. ಆದರೆ ಇದು ಕಾಗದದ ಮೇಲಿನ ಮಾತು. ತಕ್ಕಡಿ ಮೇಸ್ತ್ರಿಯ ಕೈಯಲ್ಲಿದ್ದಾಗ ಕೇಳುವವರು ಕಮ್ಮಿ.

ಇನ್ನೊಂದು ಗುಂಡಿ ಇದೆ, ಇದನ್ನು ಬಹಳ ಜನ ನೋಡುವುದಿಲ್ಲ. ಅಮ್ಮ ರಾಜೀನಾಮೆ ಕೊಡದೆ, ಅದೇ ತೋಟದ ಪುಸ್ತಕದಲ್ಲೇ ಇದ್ದು ಬರೀ ಕೆಜಿ ಲೆಕ್ಕಕ್ಕೆ ಒಪ್ಪಿಕೊಂಡರು ಅಂತಿಟ್ಟುಕೊಳ್ಳಿ. ಕೆಜಿ ಲೆಕ್ಕದವರ ಗ್ರಾಚ್ಯುಟಿಗೆ ಕೆಲಸ ಬಿಡುವ ಹಿಂದಿನ ಮೂರು ತಿಂಗಳ ಸರಾಸರಿ ಸಂಪಾದನೆಯನ್ನು ಹಿಡಿಯುತ್ತಾರೆ. ಬಿಡುವುದು ಕುಯ್ಲಿನ ಕೊನೆಯಲ್ಲಾದರೆ ಆ ಸರಾಸರಿ ಕುಸಿದಿರುತ್ತದೆ. ಆಗ ಇಪ್ಪತ್ತೆರಡು ವರ್ಷಕ್ಕೂ ಅದೇ ಕುಸಿದ ದರ. ಹಾಗಾಗಿ ಹಾಜರಿಯಿಂದ ಕೆಜಿಗೆ ಬದಲಾಗುವುದಾದರೆ, ಹಳೇ ಲೆಕ್ಕ ಮುಗಿಸಿಕೊಂಡು ಬದಲಾಗಬೇಕು. ಇಲ್ಲದಿದ್ದರೆ ಬದಲಾಗಲೇಬಾರದು.

‘ನಮ್ಮನ್ನೇ ಯಾಕೆ’ ಅಂತ ಕೇಳಿದ್ದೀರಿ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಒಂದು ಕಾಲದಲ್ಲಿ ಬೆಳೆಗಾರರು ಕಾಫಿಯನ್ನು ತಾವೇ ಮಾರುವ ಹಾಗಿರಲಿಲ್ಲ. ಎಲ್ಲವೂ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುತ್ತಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ದೊಡ್ಡ ಲಾಭ ಇರಲಿಲ್ಲ, ದೊಡ್ಡ ಹೊಡೆತವೂ ಇರಲಿಲ್ಲ. ಆ ಲೆಕ್ಕಕ್ಕೆ ಖಾಯಂ ಆಳುಗಳನ್ನು ಇಟ್ಟುಕೊಳ್ಳುವುದು ಹೊಂದುತ್ತಿತ್ತು. 1989ರಲ್ಲಿ ದೇಶದೇಶಗಳ ನಡುವಿನ ಕಾಫಿ ಕೋಟಾ ಒಪ್ಪಂದ ಮುರಿದುಬಿತ್ತು. 1992ರಿಂದ ಇಲ್ಲಿ ಮಾರಾಟ ಸಡಿಲವಾಗುತ್ತಾ ಬಂತು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಆಮೇಲೆ ಕಾಫಿಯ ಎರಡು ಜಾತಿಗಳಲ್ಲಿ ರೋಬಸ್ಟಾ ರೇಟು ಲಂಡನ್‌ನಲ್ಲಿ, ಅರೇಬಿಕಾ ರೇಟು ನ್ಯೂಯಾರ್ಕ್‌ನಲ್ಲಿ. ಸಿದ್ದಾಪುರದ ತೋಟ ಆ ಎರಡು ಊರಿನ ಬೋರ್ಡು ನೋಡುವಂತಾಯಿತು.

ಮೊದಲು ಬೆಳೆಗಾರರಿಗೆ ಖುಷಿಯಾಯಿತು. ನಂತರ 1999-2000ದ ಹೊತ್ತಿಗೆ ಬೆಲೆ ಬಿದ್ದಿತು, ನಾಲ್ಕೈದು ವರ್ಷ ಏಳಲೇ ಇಲ್ಲ. ನಾನು ಆಗ ಬಟವಾಡೆ ಆಗದ ದೂರುಗಳನ್ನು ಹಿಡಿದುಕೊಂಡು ತೋಟ ತೋಟ ತಿರುಗುತ್ತಿದ್ದೆ. ಬೆಳೆಗಾರರು ಆಗ ಕಲಿತ ಪಾಠ ಒಂದೇ, ಬೆಲೆ ಯಾವಾಗ ಬೇಕಾದರೂ ಬೀಳಬಹುದು, ಆದರೆ ಖಾಯಂ ಆಳಿನ ಖರ್ಚು ಬೀಳುವುದಿಲ್ಲ. ಅಂದಿನಿಂದ ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ಪುಸ್ತಕಕ್ಕೆ ಸೇರಿಸುವುದನ್ನು ಬಹಳ ತೋಟಗಳು ಬಿಟ್ಟವು. ನಿಮ್ಮ ಅಪ್ಪ ಅಮ್ಮ 2004ರಲ್ಲಿ ಖಾಯಂ ಆಗಿ ಸೇರಿದ್ದೇ ದೊಡ್ಡದು.

ಈಗ ಬೆಲೆ ಏರಿದೆ, ನಿಜ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಂದು ಬೆಳೆ ಕಮ್ಮಿಯಾಯಿತು. 2024ರಲ್ಲಿ 50 ಕೆಜಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲ ಹತ್ತು ಸಾವಿರ ದಾಟಿತು. ಹಿಂದೆ ಯಾರೂ ನೋಡಿರದ ರೇಟು. ಆದರೆ ಕನಿಷ್ಠ ವೇತನಕ್ಕೂ ಕಾಫಿ ರೇಟಿಗೂ ಸಂಬಂಧವೇ ಇಲ್ಲ. ವೇತನದ ಜೊತೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದು ಅಕ್ಕಿ ಬೇಳೆ ಬೆಲೆಯ ಸೂಚ್ಯಂಕ ನೋಡಿ. ಚೀಲದ ಬೆಲೆ ಎರಡರಷ್ಟಾದರೂ ಹಾಜರಿ ಹತ್ತಿಪ್ಪತ್ತು ರೂಪಾಯಿ ಮೇಲೇರುತ್ತದೆ, ಅಷ್ಟೆ. ನಾನು ಕಂಡಂತೆ, ಏರಿದ ಬೆಲೆಯಲ್ಲಿ ಕೆಲಸಗಾರರಿಗೆ ಏನಾದರೂ ಸಿಕ್ಕಿದ್ದರೆ ಅದು ಕೆಜಿ ದರದಲ್ಲಿ, ಕುಯ್ಲಿನ ಮೂರು ತಿಂಗಳಲ್ಲಿ ಮಾತ್ರ. ಹಣ್ಣು ಗಿಡದಲ್ಲೇ ಒಣಗಿ ಉದುರುವ ಮೊದಲು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬೀಳುವ ಮೊದಲು ಕುಯ್ದು ಮುಗಿಸಬೇಕು. ಆಗ ಕೈಗಳಿಗೆ ಬೆಲೆ. ಜೂನ್‌ನಲ್ಲಿ ಕಾಡು ಕಡಿಯುವ ಕೈಗೆ ಆ ಬೆಲೆ ಇಲ್ಲ. ವರ್ಷದ ಹನ್ನೆರಡು ತಿಂಗಳು ಸಾಕುವುದಕ್ಕಿಂತ ಮೂರು ತಿಂಗಳು ಜಾಸ್ತಿ ಕೊಟ್ಟು ಕಳಿಸುವುದು ಲಾಭ ಅಂತ ಮಾಲೀಕರು ಲೆಕ್ಕ ಹಾಕಿದ್ದಾರೆ. ಬೆಲೆ ಏರಿದ್ದರಿಂದಲೇ ಈಗ ಹಳಬರ ಬಾಬ್ತು ತೀರಿಸಲು ಕೈಯಲ್ಲಿ ಕಾಸಿದೆ. ಅದಕ್ಕೇ ಕಾಗದ ಈಗ ಬಂತು.

ಅಸ್ಸಾಂನವರ ಮೇಲೆ ಸಿಟ್ಟು ಬೇಡ. ಅವರು ಕಡಿಮೆ ಕೂಲಿಗೆ ಬರುತ್ತಾರೆ ಎಂಬ ಮಾತು ನಾನು ನೋಡಿದ ತೋಟಗಳ ಮಟ್ಟಿಗೆ ಸರಿಯಲ್ಲ. ದಿನದ ಲೆಕ್ಕದಲ್ಲಿ ಅವರಿಗೆ ಅಷ್ಟೇ, ಕೆಲವು ಕಡೆ ಜಾಸ್ತಿಯೇ. ಮಾಲೀಕರಿಗೆ ಉಳಿಯುವುದು ಬೇರೆ ಕಡೆ. ಇವತ್ತು ಸಿದ್ದಾಪುರ, ನಾಳೆ ಸುಂಟಿಕೊಪ್ಪ, ನಾಡಿದ್ದು ವಯನಾಡು ಅಂತ ತಿರುಗುವವರಿಗೆ ಗ್ರಾಚ್ಯುಟಿ ಕೂಡುವುದೇ ಇಲ್ಲ. ಪಿಎಫ್ ಹಿಡಿಯುವವರಿಲ್ಲ. ಮೇಸ್ತ್ರಿ ಕೊಡದೆ ಓಡಿಹೋದರೆ ಆ ಕೂಲಿಯನ್ನು ತೋಟದ ಮಾಲೀಕರೇ ಕೊಡಬೇಕು ಅಂತ ಕಾನೂನು ಇದೆ. ಅದು ಗೊತ್ತಿರುವವರು ಆ ಲೈನ್ ಮನೆಯಲ್ಲಿ ಎಷ್ಟು ಜನ? ಇನ್ನೊಂದು ಮಾತು. ನಮ್ಮ ಕಡೆಯ ಹುಡುಗರು ಕುಯ್ಲಿಗೆ ಬರುವುದು ಯಾವತ್ತೋ ನಿಂತಿದೆ. ನೀವೂ ತೋಟದಲ್ಲಿ ಇಲ್ಲ ಅಲ್ವಾ? ಓದಿದಿರಿ, ಹೊರಗೆ ಹೋದಿರಿ. ತಪ್ಪೇನಿಲ್ಲ. ಆದರೆ ಆ ಖಾಲಿ ಜಾಗಕ್ಕೇ ಅವರು ಬಂದದ್ದು.

‘ಸರ್ಕಾರ ಎರಡು ಸಾವಿರ ಕೊಡ್ತಿದೆಯಲ್ಲ’ ಎಂಬುದಕ್ಕೆ ಜಾಸ್ತಿ ಮಾತು ಬೇಡ. ಗೃಹಲಕ್ಷ್ಮಿಯ 2,000 ಅಂದರೆ ಅಮ್ಮನ ನಾಲ್ಕು ದಿನದ ಹಾಜರಿ. ತಿಂಗಳ ಉಳಿದ ದಿನಕ್ಕೆ ಯಾರು ಕೊಡ್ತಾರೆ? ಉದ್ಯೋಗ ಖಾತ್ರಿಯ ಮಾತೂ ಅಷ್ಟೇ. 2025-26ಕ್ಕೆ ನಮ್ಮ ರಾಜ್ಯದಲ್ಲಿ ಅದರ ಕೂಲಿ 370 ರೂಪಾಯಿ, ತೋಟದ್ದಕ್ಕಿಂತ ಕಮ್ಮಿ. ಅದಕ್ಕಾಗಿ ತೋಟ ಬಿಟ್ಟು ಹೋದವರನ್ನು ನಾನು ನೋಡಿಲ್ಲ. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾನೂನಿನಲ್ಲಿ ವರ್ಷಕ್ಕೆ 100 ದಿನದ ಕೆಲಸದ ಖಾತ್ರಿ 125 ದಿನ ಆಗಿದೆ. ಬಿತ್ತನೆ, ಕೊಯ್ಲಿನ ಸಮಯದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಇದೆ. ಅಮ್ಮನ ಹೆಸರಿನಲ್ಲಿ ಜಾಬ್ ಕಾರ್ಡ್ ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಹಾಜರಿ ಬಿಡುವಂತಿಲ್ಲ.

ಮನೆಯ ವಿಷಯ ಕಷ್ಟದ್ದು. ಇಲ್ಲಿ ನಿಮಗೆ ಇಷ್ಟವಾಗದ ಮಾತು ಹೇಳಬೇಕು. ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಇಪ್ಪತ್ತೆರಡು ವರ್ಷ ಇದ್ದರೂ ಅದು ನಿಮ್ಮದಾಗುವುದಿಲ್ಲ. ‘94ಸಿ ಅರ್ಜಿ ಹಾಕಿದರೆ ಹಕ್ಕುಪತ್ರ ಸಿಗುತ್ತೆ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 94ಸಿ ಇರುವುದು ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ. ತೋಟದ ಪಟ್ಟೆ (ಖಾಸಗಿ) ಜಾಗಕ್ಕಲ್ಲ. ಹಾಗಂತ ಬೀಗ ಜಡಿದು, ಕರೆಂಟು ಕಿತ್ತು, ಸಾಮಾನು ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಕೆಲಸ ಇರುವ ತನಕ ಮನೆ ಇರುತ್ತದೆ. ಕೆಲಸ ಹೋದ ಮೇಲೂ ಕಾನೂನಿನ ದಾರಿಯಲ್ಲೇ ಬಿಡಿಸಬೇಕು. ಆದರೆ ಕೊನೆಗೆ ಬಿಡಬೇಕಾಗುತ್ತದೆ, ಇದು ಮನಸ್ಸಿನಲ್ಲಿರಲಿ.

ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಿತ್ತದ್ದು ನಿಮಗೆ ನೆನಪಿರಬಹುದು, ನಿಮಗೆ ದೂರವಲ್ಲ. ಅಲ್ಲಿದ್ದ ಆದಿವಾಸಿ ಕುಟುಂಬಗಳಲ್ಲಿ ಹಲವರು ತೋಟದ ಲೈನ್ ಮನೆಗಳಿಂದಲೇ ಹೊರಬಂದವರು. ದೊಡ್ಡ ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆಯಾಯಿತು. ಅಷ್ಟು ದೂರ ಹೋಗುವ ಮೊದಲೇ ಅಮ್ಮನ ಹೆಸರನ್ನು ಗ್ರಾಮ ಪಂಚಾಯಿತಿಯ ನಿವೇಶನರಹಿತರ ಪಟ್ಟಿಗೆ ಸೇರಿಸಲು ಈ ವಾರವೇ ಅರ್ಜಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳಿ. ಸೈಟು ನಾಳೆಯೇ ಸಿಗುವುದಿಲ್ಲ, ಆದರೆ ಸಾಲಿನಲ್ಲಿ ನಿಂತಿರಬೇಕು.

ಹಾಗಾದರೆ ಈಗ ಮಾಡುವುದೇನು? ನನಗೆ ಮೂರು ದಾರಿ ಕಾಣುತ್ತದೆ.

ಸಹಿ ಹಾಕದೆ, ದಿನಾ ಹಾಜರಿಗೆ ಹೋಗುತ್ತಾ ಇರುವುದು ಒಂದು. ಇದರಲ್ಲಿ ಅಪಾಯ ಏನೆಂದರೆ, ಒಂದು ಬೆಳಿಗ್ಗೆ ಮೇಸ್ತ್ರಿ ‘ಇವತ್ತು ಕೆಲಸ ಇಲ್ಲ’ ಅನ್ನುತ್ತಾನೆ. ಮಾರನೆಯ ದಿನವೂ. ಒಂದು ವಾರ ಹೀಗಾದರೆ ಅಮ್ಮನೇ ಬೇಸತ್ತು ಮನೆಯಲ್ಲಿ ಕೂರುತ್ತಾರೆ. ಆಮೇಲೆ ‘ತಾನೇ ಬಿಟ್ಟಳು’ ಅಂತ ಬರೆದುಕೊಳ್ಳುತ್ತಾರೆ. ಹಾಗಾಗದಿರಲು ಕೆಲಸ ಇಲ್ಲ ಅಂದ ಮೊದಲ ದಿನವೇ ಒಂದು ಸಾದಾ ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಾಲೀಕರಿಗೆ ಕಳಿಸಿ. ‘ನಾನು ಕೆಲಸಕ್ಕೆ ಬಂದಿದ್ದೇನೆ, ಕೆಲಸ ಕೊಡಲಿಲ್ಲ’ ಅಷ್ಟೇ ಸಾಕು. ಇನ್ನೊಂದು ಪ್ರತಿ ಕಾರ್ಮಿಕ ನಿರೀಕ್ಷಕರಿಗೆ. ಆಳುಗಳನ್ನು ಕಡಿಮೆ ಮಾಡುವುದಾದರೆ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎಂಬ ನಿಯಮ ಹಳೇ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಅಮ್ಮನಿಗಿಂತ ಆಮೇಲೆ ಬಂದವರು ಅದೇ ಕೆಲಸದಲ್ಲಿ ಉಳಿದಿದ್ದರೆ ಅದನ್ನೂ ಬರೆಯಿರಿ. ಆದರೆ ಕೇಸು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಓಡಾಟ. ಗೆದ್ದವರನ್ನು ನೋಡಿದ್ದೇನೆ, ಗೆಲ್ಲುವ ಹೊತ್ತಿಗೆ ಕಣ್ಣು ಕಾಣದಾದವರನ್ನೂ ನೋಡಿದ್ದೇನೆ.

ಎರಡನೆಯದು ಮಾತುಕತೆ. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಇದೇ ಹೊಂದುತ್ತದೆ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನೀವೇ ಬಂದು ಮಾಲೀಕರ ಹತ್ತಿರ ಕೂತು ಮಾತಾಡಿ. ರೈಟರ್ ಹತ್ತಿರ ಅಲ್ಲ. ಪೂರ್ತಿ 3,36,480 ಸಿಗುತ್ತದೆ ಅಂತ ನಾನು ಹೇಳಲಾರೆ. ಆದರೆ ಗ್ರಾಚ್ಯುಟಿಯ 1,58,400ರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ. ಅದು ಚೌಕಾಸಿಗೆ ಬರುವ ಹಣವಲ್ಲ. ಚೌಕಾಸಿ ಇರುವುದು ಅದರ ಮೇಲಿನ ಪರಿಹಾರಕ್ಕೆ. ಒಪ್ಪಂದವನ್ನು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಮಾಡಿಕೊಳ್ಳಿ, ಯಾವುದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಸಿ, ಹಣ ಅಮ್ಮನ ಬ್ಯಾಂಕ್ ಖಾತೆಗೇ ಬರಲಿ.

ಮನೆ ಬಿಡದಿದ್ದರೆ ಗ್ರಾಚ್ಯುಟಿ ತಡೆಹಿಡಿಯುವುದು ತೋಟಗಳಲ್ಲಿ ಮಾಮೂಲಿ. ಇದರ ಬಗ್ಗೆ ಕೋರ್ಟುಗಳೂ ಬೇರೆ ಬೇರೆ ರೀತಿ ಹೇಳಿವೆ. ಅದಕ್ಕೆ ನಾನು ಹೇಳಿಕೊಡುತ್ತಿದ್ದ ಉಪಾಯ, ಹಣ ಖಾತೆಗೆ ಬೀಳುವುದೂ ಕೀಲಿಕೈ ಕೊಡುವುದೂ ಒಂದೇ ದಿನ. ಮೊದಲು ಕೀಲಿಕೈ ಕೊಟ್ಟವರು ಆಫೀಸಿಗೆ ಅಲೆದದ್ದನ್ನು ಬಹಳ ನೋಡಿದ್ದೇನೆ. ದಿನಾಂಕವನ್ನು ಮಳೆಗಾಲ ಕಳೆದ ಮೇಲೆ ಇಡಿಸಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಮನೆ ಸಾಮಾನು ಹೊರಗೆ ತರುವುದು ಯಾರಿಗೂ ಬೇಡ.

ಮೂರನೆಯದು, ಹಳೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಮೇಸ್ತ್ರಿಯ ಜೊತೆ ಕುಯ್ಲಿಗೆ ಮಾತ್ರ ಹೋಗುವುದು. ಅಮ್ಮನಿಗೆ ಕೈಲಾದರೆ ಮಾಡಲಿ, ಮೇಲು ಖರ್ಚಿಗಾಯಿತು. ಆದರೆ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಳ್ಳುವುದು ಬೇಡ. ಮುಂಗಡ ತೀರಿಸಲು ಮುಂದಿನ ಕುಯ್ಲು, ಆ ಕುಯ್ಲಿನಲ್ಲಿ ಇನ್ನೊಂದು ಮುಂಗಡ. 1976ರಲ್ಲೇ ಜೀತ ನಿಷೇಧವಾಗಿದೆ, ಆದರೆ ಮುಂಗಡದ ಪುಸ್ತಕ ಈಗಲೂ ಎಷ್ಟೋ ಮೇಸ್ತ್ರಿಗಳ ಜೇಬಿನಲ್ಲಿದೆ.

ಯಾವ ದಾರಿ ಹಿಡಿದರೂ ಸೇವೆಯ ಸಾಕ್ಷಿ ಬೇಕು. ಹಾಜರಿ ಕಾರ್ಡು, ಬೋನಸ್ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇದ್ದರೆ ಸರಿ. ಇಲ್ಲದಿದ್ದರೂ ದಾರಿ ಇದೆ. ಒಮ್ಮೆ ಒಬ್ಬ ಹೆಂಗಸಿನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ತೋಟದ ಪುಸ್ತಕದಲ್ಲಿ ಅವರ ಹೆಸರು ಆರು ವರ್ಷದಿಂದ ಮಾತ್ರ. ನಾವು ಸರ್ಕಾರಿ ಶಾಲೆಗೆ ಹೋಗಿ ಹಳೇ ದಾಖಲಾತಿ ಪುಸ್ತಕ ತೆಗೆಸಿದೆವು. ದೊಡ್ಡ ಮಗನ ಹೆಸರಿನ ಮುಂದೆ ತಂದೆ ತಾಯಿಯ ಕೆಲಸ ‘ಕೂಲಿ’, ವಿಳಾಸ ಅದೇ ತೋಟದ ಲೈನ್. ಅಂಗನವಾಡಿಯ ತಾಯಿ ಕಾರ್ಡಿನಲ್ಲೂ ಅದೇ. ಮತದಾರರ ಪಟ್ಟಿಯಲ್ಲೂ ಅದೇ. ಮೂರನ್ನೂ ಮೇಜಿನ ಮೇಲಿಟ್ಟಾಗ ಹದಿನೇಳು ವರ್ಷವನ್ನು ಒಪ್ಪಿಕೊಂಡರು. ನೀವು ಓದಿದ ಶಾಲೆಗೆ ಹೋಗಿ ನಿಮ್ಮ ಹೆಸರಿನ ಸಾಲನ್ನು ಹುಡುಕಿ.

ಅಮ್ಮನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇದೆಯಾ ನೋಡಿ. ತೋಟದವರಲ್ಲಿ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದ್ದಾರೆ! ಪಿಎಫ್ ದಾಖಲೆಯಲ್ಲಿ ಬೇರೆ ತಾರೀಕು, ಬೇರೆ ಹೆಸರು ಇದ್ದರೆ ಹಣ ಬರುವಾಗ ತಗಾದೆ. ಈಗಲೇ ಸರಿ ಮಾಡಿಸಿ. ಪಿಎಫ್ ಹಿಡಿದು ಹತ್ತು ವರ್ಷ ದಾಟಿದ್ದರೆ 58ಕ್ಕೆ ಪಿಂಚಣಿ ಇದೆ. ಕನಿಷ್ಠ 1,000 ರೂಪಾಯಿ. ಸಣ್ಣದೇ, ಆದರೆ ಬಿಡುವಂಥದ್ದಲ್ಲ.

ಕೊನೆಗೆ ನೀವು ಕೇಳದೇ ಇರುವ ಒಂದು ವಿಷಯ. ಅಪ್ಪ 2015ರಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು ಅಂದಿರಿ. ಆಗ ಅಮ್ಮನ ಕೈಗೆ ಏನು ಬಂತು? ಕೆಲಸದಲ್ಲಿದ್ದಾಗ ಸತ್ತರೆ ಗ್ರಾಚ್ಯುಟಿಗೆ ಐದು ವರ್ಷದ ಲೆಕ್ಕವೂ ಇಲ್ಲ, ಅಪ್ಪನಿಗಂತೂ ಹನ್ನೊಂದು ವರ್ಷ ಆಗಿತ್ತು. ಪಿಎಫ್ ಹಿಡಿದಿದ್ದರೆ ಆ ಹಣ, ಅದರ ಜೊತೆಗಿನ ವಿಮೆ, ಹೆಂಡತಿಗೆ ವಿಧವಾ ಪಿಂಚಣಿ. ಈ ಪಿಂಚಣಿಗೆ ಹತ್ತು ವರ್ಷವೂ ಬೇಡ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಮಣ್ಣಿನ ಖರ್ಚಿಗೆ ಅಂತ ಹತ್ತು ಸಾವಿರ ಕೊಟ್ಟು ಸುಮ್ಮನಾದ ತೋಟಗಳನ್ನು ನಾನು ನೋಡಿದ್ದೇನೆ, ಕೇಳುವವರು ಇರಲಿಲ್ಲ ಅಷ್ಟೇ. ಅಮ್ಮನ ಟ್ರಂಕಿನಲ್ಲಿ ಅಪ್ಪನ ಹೆಸರಿನ ಹಳೇ ಪಿಎಫ್ ಚೀಟಿ ಇದೆಯಾ ಕೇಳಿ. ರೇಷನ್ ಕಾರ್ಡಿನ ಹಿಂದೆ, ದೇವರ ಫೋಟೋದ ಹಿಂದೆ ನೋಡಲು ಹೇಳಿ. ಸಿಕ್ಕಿದರೆ ಮಾಲೀಕರ ಹತ್ತಿರ ಕೂರುವ ದಿನ ಅದನ್ನೂ ತೆಗೆದುಕೊಂಡು ಹೋಗಿ.